ಚಳ್ಳಕೆರೆಯಿಂದ ನೋಡಿದರೆ ಕಾಣುವ ದೇಶದ ಭದ್ರತೆ

2024ರ ಜೂನ್ 23ರ ಬೆಳಿಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರೊಂದು ರೆಕ್ಕೆಗಳುಳ್ಳ ವಾಹನವೊಂದನ್ನು ಹೊಟ್ಟೆಯಡಿ ತೂಗುಹಾಕಿಕೊಂಡು ಚಳ್ಳಕೆರೆ ತಾಲ್ಲೂಕಿನ ಬಯಲಿನ ಮೇಲೆ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಏರಿತು. ಅಲ್ಲಿಂದ ಕೈಬಿಟ್ಟ ಆ ವಾಹನ, ಇಸ್ರೊ ರೂಪಿಸಿದ ಮರುಬಳಕೆಯ ಉಡಾವಣಾ ವಾಹನದ ಮಾದರಿ ‘ಪುಷ್ಪಕ್’, ತಾನೇ ದಾರಿ ಸರಿಪಡಿಸಿಕೊಂಡು ಗಂಟೆಗೆ 320 ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ ಕುದಾಪುರದ ರನ್‌ವೇ ಮುಟ್ಟಿ, ಪ್ಯಾರಾಚೂಟ್ ಬಿಚ್ಚಿ ನಿಂತಿತು. ಇಂಥ ಮೂರು ಪ್ರಯೋಗಗಳಲ್ಲಿ ಇದು ಕೊನೆಯದು. ಅದಕ್ಕೂ ಮೊದಲು, 2016ರ ನವೆಂಬರ್‌ನಲ್ಲಿ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ತನ್ನ ಚಾಲಕರಹಿತ ವಿಮಾನ ‘ರುಸ್ತುಂ-2’ ಅನ್ನು ಮೊದಲ ಬಾರಿಗೆ ಹಾರಿಸಿದ್ದೂ ಇಲ್ಲಿಯೇ. 2017ರ ಮೇ 28ರಂದು ಈ ವೈಮಾನಿಕ ಪರೀಕ್ಷಾ ವಲಯದ ಉದ್ಘಾಟನೆಯಾಯಿತು. ಬಾಲವೇ ಇಲ್ಲದ, ಬರೀ ರೆಕ್ಕೆಯ ಆಕಾರದ ಸ್ವಯಂಚಾಲಿತ ವಿಮಾನ 2022ರ ಜುಲೈ 1ರಂದು ಹಾರಿದ್ದು ಇದೇ ಆಕಾಶದಲ್ಲಿ.

ದೇಶದ ಭದ್ರತೆ ಎಂದಾಗ ನಮ್ಮ ಕಣ್ಣಿಗೆ ಬರುವುದು ಹಿಮದ ಬೆಟ್ಟ, ಮುಳ್ಳುತಂತಿ, ಬಂದೂಕು ಹಿಡಿದ ಯೋಧ. ಗಡಿಯಿಂದ ಅಷ್ಟು ದೂರದಲ್ಲಿರುವ, ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯ ಹೆಸರು ಅಲ್ಲಿ ಸುಳಿಯುವುದಿಲ್ಲ. ಆದರೆ ಚಿತ್ರದುರ್ಗ, ದಾವಣಗೆರೆ ಭಾಗದಲ್ಲಿ ಒಂದಿಷ್ಟು ಸುತ್ತಾಡಿ ನೋಡಿದರೆ ಭದ್ರತೆಯ ದೊಡ್ಡ ಪಾಲನ್ನು ಹೊತ್ತವರು ಕುರಿ ಮೇಯಿಸುವವರು, ಶೇಂಗಾ ಬಿತ್ತುವವರು, ಬ್ಯಾಂಕಿನ ಕೌಂಟರಿನಲ್ಲಿ ಕೂತವರು, ಕೈಯಲ್ಲಿ ಮೊಬೈಲ್ ಹಿಡಿದ ಹುಡುಗರು ಎಂಬುದು ಕಾಣುತ್ತದೆ. ತಾವು ಏನನ್ನು ಹೊತ್ತಿದ್ದೇವೆ ಎಂದು ಅವರಿಗೆ ಯಾರೂ ಹೇಳಿಲ್ಲ. ಹಾಗೆ ಹೇಳದೆ ಬಿಟ್ಟ ಜಾಗಗಳಲ್ಲೇ ಭದ್ರತೆ ಸಡಿಲವಾಗುತ್ತದೆ ಎಂಬುದು ನನ್ನ ವಾದ.

ಮೊದಲು ನೆಲದ ವಿಷಯ. ಕುದಾಪುರ, ದೊಡ್ಡಉಳ್ಳಾರ್ತಿ, ವರವು ಸುತ್ತಲಿನ ಹುಲ್ಲುಗಾವಲುಗಳು ಅಮೃತ ಮಹಲ್ ಕಾವಲುಗಳಿಗೆ, ಅಂದರೆ ಆ ತಳಿಯ ದನಗಳಿಗೆಂದು ಮೀಸಲಿಟ್ಟ ಮೇವಿನ ನೆಲಗಳಿಗೆ, ಸೇರಿದವು. ಈ ಕಾವಲುಗಳು ಹುಟ್ಟಿದ್ದೂ ಸೈನ್ಯದ ಅಗತ್ಯಕ್ಕಾಗಿಯೇ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಡಿ ದನದ ಹಿಂಡುಗಳನ್ನು ಸಾಕಲಾಗುತ್ತಿತ್ತು. ಹೈದರಾಲಿ ಆ ತಳಿಯ ಎತ್ತುಗಳನ್ನು ಫಿರಂಗಿ ಎಳೆಯಲು, ಮದ್ದುಗುಂಡು ಹಾಗೂ ದವಸ ಸಾಗಿಸಲು ಬಳಸಿದ. ಚಿದಂಬರದ ನೆರವಿಗೆ ಧಾವಿಸಿದಾಗ ಅವನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ಕ್ರಮಿಸಿದ್ದು ಈ ಎತ್ತುಗಳ ಬಲದಿಂದ ಎಂಬುದು ಹಳೆಯ ದಾಖಲೆಗಳಲ್ಲಿದೆ. ಟಿಪ್ಪು ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟ. 1799ರ ನಂತರ ಹಿಂಡುಗಳು ಬ್ರಿಟಿಷರ ಕೈಸೇರಿದವು. 1860ರಲ್ಲಿ ಖರ್ಚು ಉಳಿಸಲೆಂದು ಅವರು ಇಲಾಖೆಯನ್ನು ಮುಚ್ಚಿದರು, ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದೆ ಮತ್ತೆ ತೆರೆದರು. ಆ ಕಾಲಕ್ಕೆ ಹುಲ್ಲೆಂದರೆ ಸೈನ್ಯಕ್ಕೆ ಇಂಧನ. ಒಳ್ಳೆಯ ಹುಲ್ಲಿಲ್ಲದಿದ್ದರೆ ಫಿರಂಗಿ ಯುದ್ಧಭೂಮಿ ಮುಟ್ಟುತ್ತಿರಲಿಲ್ಲ.

ಆದರೆ ಅಂದು ಕಾವಲು ಸೈನ್ಯದ್ದಾಗಿದ್ದರೂ ಸುತ್ತಲಿನ ಹಳ್ಳಿಗಳಿಗೆ ಬೇಲಿ ಬಿದ್ದಿರಲಿಲ್ಲ. ಇಲಾಖೆಯ ದನಗಳ ಜೊತೆ ಊರ ದನ, ಕುರಿ, ಮೇಕೆಗಳೂ ಮೇಯುತ್ತ ಬಂದವು. ದೊಡ್ಡಉಳ್ಳಾರ್ತಿ ಕಡೆಯ ಕಂಬಳಿ ಇಡೀ ರಾಜ್ಯಕ್ಕೆ ಪರಿಚಿತವಾದದ್ದು ಈ ಹುಲ್ಲಿನಿಂದ. ಒಂದು ಕಂಬಳಿಯ ಹಿಂದೆ ಎಷ್ಟು ಕೈಗಳಿವೆ ನೋಡಿ. ಕುರಿಯ ಉಣ್ಣೆ ಕತ್ತರಿಸಬೇಕು, ಅದನ್ನು ಬಿಡಿಸಿ ಹಿಂಜಬೇಕು, ಮನೆಯ ಹೆಂಗಸರು ಕೂತು ನೂಲಬೇಕು, ಹುಣಸೆಬೀಜದ ಗಂಜಿ ಹಚ್ಚಿ ನೂಲನ್ನು ಬಿಸಿಲಿಗೆ ಹಿಡಿದು ಗಟ್ಟಿ ಮಾಡಬೇಕು, ಆಮೇಲೆ ಗುಂಡಿ ಮಗ್ಗದಲ್ಲಿ ನೇಯಬೇಕು. ಇಷ್ಟೂ ಕೆಲಸ ನಿಂತಿರುವುದು ಮಳೆ ಬಿದ್ದ ಮೇಲೆ ಕಾವಲಿನಲ್ಲಿ ಮೊಳೆಯುವ ಹುಲ್ಲಿನ ಮೇಲೆ. ಹುಲ್ಲು ಕಡಿಮೆಯಾದರೆ ಕುರಿ ಕಡಿಮೆಯಾಗುತ್ತದೆ, ಕುರಿ ಕಡಿಮೆಯಾದರೆ ನೂಲುವವರ ಕೈಗೆ ಕೆಲಸವಿರುವುದಿಲ್ಲ.

ಇಲ್ಲಿಯ ಸುಮಾರು ಹತ್ತು ಸಾವಿರ ಎಕರೆ ಕಾವಲು ಕಳೆದ ಎರಡು ದಶಕಗಳಲ್ಲಿ ಹಂಚಿಕೆಯಾಯಿತು. ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೊಗೆ 573. ಇದಲ್ಲದೆ ಖಾಸಗಿ ಸೌರವಿದ್ಯುತ್ ಯೋಜನೆಗೂ ಒಂದು ಪಾಲು ಹೋಯಿತು. ಇಂಥ ಪರೀಕ್ಷೆಗಳಿಗೆ ಇಂಥ ಜಾಗವೇ ಬೇಕು ಎಂಬುದರಲ್ಲಿ ತಕರಾರಿಲ್ಲ. ಮೋಡ ಕಡಿಮೆ, ಜನವಸತಿ ವಿರಳ, ನೆಲ ಸಮತಟ್ಟು, ಬೆಂಗಳೂರಿನ ಪ್ರಯೋಗಾಲಯಗಳಿಂದ ಅರ್ಧ ದಿನದ ದಾರಿ. ಚಾಲಕರಹಿತ ವಿಮಾನವನ್ನು ನಾವೇ ಕಟ್ಟಬೇಕೆಂದರೆ ಅದನ್ನು ಎಲ್ಲೋ ಒಂದು ಕಡೆ ನೂರಾರು ಸಲ ಹಾರಿಸಲೇಬೇಕು.

ತಕರಾರಿರುವುದು ಹೇಳಿದ ರೀತಿಯ ಬಗ್ಗೆ. ಎಷ್ಟೋ ಹಳ್ಳಿಗಳ ಜನರಿಗೆ ತಮ್ಮ ಗೋಮಾಳ ಕೈಬಿಟ್ಟುಹೋಗಿದೆ ಎಂದು ಅರಿವಾದದ್ದು ಗೋಡೆ ಏಳತೊಡಗಿದ ಮೇಲೆ. ತಲೆತಲಾಂತರದಿಂದ ನಡೆದ ದಾರಿಗೆ ಅಡ್ಡಲಾಗಿ ಕಾಂಪೌಂಡ್ ಬಂತು. ಕುರಿಗಳನ್ನು ಎತ್ತ ಹೊಡೆಯಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡುವವರಿರಲಿಲ್ಲ. ಪ್ರತಿಭಟನೆ ನಡೆಯಿತು, ವಿಷಯ ಚೆನ್ನೈನ ಹಸಿರು ನ್ಯಾಯಮಂಡಳಿಯ ಪೀಠದವರೆಗೂ ಹೋಯಿತು. ಗೋಡೆಯ ಒಳಗಿನ ಕೆಲಸ ಗುಟ್ಟಾಗಿರಬೇಕಾದ್ದು ಸಹಜ. ಆದರೆ ಗೋಡೆ ಎಲ್ಲಿ ಬರುತ್ತದೆ, ದನಕ್ಕೆ ಬದಲಿ ಮೇವಿನ ಜಾಗ ಯಾವುದು, ಊರಿನ ದಾರಿ ಉಳಿಯುತ್ತದೆಯೇ ಎಂಬ ಮಾತುಗಳಲ್ಲಿ ಯಾವ ಗುಟ್ಟೂ ಇಲ್ಲ. ಅವನ್ನು ಗ್ರಾಮಸಭೆಯಲ್ಲಿ ಕೂತು ಮೊದಲೇ ಚರ್ಚಿಸಿದ್ದರೆ ರಕ್ಷಣಾ ರಹಸ್ಯವೊಂದೂ ಸೋರುತ್ತಿರಲಿಲ್ಲ. ಒಳ್ಳೆಯ ಮಾದರಿಯೂ ಅಲ್ಲೇ ಪಕ್ಕದಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಕುದಾಪುರದ ಆವರಣದಲ್ಲಿ ವರ್ಷಗಳಿಂದ ಗ್ರಾಮೀಣ ಶಿಕ್ಷಕರಿಗೆ ವಿಜ್ಞಾನ, ಗಣಿತದ ತರಬೇತಿ ಕೊಡುತ್ತಿದೆ. ಸರ್ಕಾರಿ ಶಾಲೆಯ ಮೇಷ್ಟ್ರು ಅಲ್ಲಿ ಪ್ರಯೋಗ ಮಾಡಿ ಕಲಿತು ಹೋಗುತ್ತಾರೆ. ಆ ಆವರಣದ ಬಗ್ಗೆ ಜನ ಮಾತನಾಡುವ ಧಾಟಿಯೇ ಬೇರೆ ಇರಲು ಇದೂ ಒಂದು ಕಾರಣ.

ಸುತ್ತಲಿನ ಜನರ ವಿಶ್ವಾಸ ಏಕೆ ಅಷ್ಟು ಮುಖ್ಯ ಎಂದು ಕೇಳಬಹುದು. 2019ರ ಸೆಪ್ಟೆಂಬರ್ 17ರಂದು ಜೋಡಿ ಚಿಕ್ಕೇನಹಳ್ಳಿ ಬಳಿ, 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ, ಪರೀಕ್ಷಾ ಹಾರಾಟದಲ್ಲಿದ್ದ ಚಾಲಕರಹಿತ ವಿಮಾನಗಳು ಹೊಲಕ್ಕೆ ಬಿದ್ದವು. ಯಾರಿಗೂ ಪೆಟ್ಟಾಗಲಿಲ್ಲ ಎಂಬುದೇ ಪುಣ್ಯ. ಇಂಥ ಹೊತ್ತಿನಲ್ಲಿ ಮೊದಲು ಓಡಿ ಬರುವವರು ಅಕ್ಕಪಕ್ಕದ ಹೊಲದವರು, ಕೈಯಲ್ಲಿ ಮೊಬೈಲ್ ಹಿಡಿದುಕೊಂಡೇ ಬರುತ್ತಾರೆ. ಬಿದ್ದ ವಿಮಾನದ ಒಂದೊಂದು ತುಂಡೂ ತನಿಖೆಗೆ ಬೇಕು. ಯಾವ ಭಾಗ ಮೊದಲು ಕಳಚಿತು ಎಂಬುದು ಚೂರುಗಳು ಬಿದ್ದಿರುವ ಕ್ರಮದಿಂದಲೇ ತಿಳಿಯುತ್ತದೆ. ನೆನಪಿಗೆಂದು ಒಂದು ತುಂಡು ಮನೆಗೆ ಹೋದರೆ ಆ ಸುಳಿವು ಹೋದಂತೆ. ಇಂಧನ, ಬ್ಯಾಟರಿ ಹೊತ್ತಿಕೊಳ್ಳುವ ಅಪಾಯ ಬೇರೆ. ಇನ್ನು ವಿಡಿಯೊ. ಒಳಗಿನ ಉಪಕರಣಗಳನ್ನು ಹತ್ತಿರದಿಂದ ತೋರಿಸುವ ಒಂದು ನಿಮಿಷದ ದೃಶ್ಯ, ಅದನ್ನು ಹುಡುಕುತ್ತ ಕೂತವರಿಗೆ ಬಹಳ ಹೇಳುತ್ತದೆ. 2017ರ ಕೊನೆಯಲ್ಲಿ ವ್ಯಾಯಾಮದ ಆ್ಯಪ್ ಒಂದು ತನ್ನ ಬಳಕೆದಾರರು ಓಡಿದ ದಾರಿಗಳ ನಕ್ಷೆ ಪ್ರಕಟಿಸಿದಾಗ ಹಲವು ದೇಶಗಳ ಸೇನಾ ನೆಲೆಗಳ ಆಕಾರವೇ ಅದರಲ್ಲಿ ಮೂಡಿಬಂದಿತ್ತು. ಗೂಢಚಾರರಲ್ಲ, ಬೆಳಿಗ್ಗೆ ಓಟಕ್ಕೆ ಹೋದ ಸೈನಿಕರೇ ಅದನ್ನು ತೋರಿಸಿಕೊಟ್ಟಿದ್ದರು. ಆಕಾಶದಿಂದ ಏನಾದರೂ ಬಿದ್ದರೆ ದೂರ ನಿಲ್ಲಬೇಕು, ಮುಟ್ಟಬಾರದು, 112ಕ್ಕೆ ಕರೆ ಮಾಡಬೇಕು, ಬೆಳೆ ಹಾಳಾಗಿದ್ದರೆ ಪಂಚನಾಮೆ ಆಗುವಾಗ ಅದನ್ನು ಬರೆಸಬೇಕು. ಇಷ್ಟನ್ನು ಪ್ರತಿ ಪಂಚಾಯಿತಿ ಕಚೇರಿಯ ಗೋಡೆಗೆ ಒಂದು ಹಾಳೆಯಲ್ಲಿ ಅಂಟಿಸಲು ಖರ್ಚೇನೂ ಆಗುವುದಿಲ್ಲ.

ಈಗ ನೆಲದಿಂದ ಅಡುಗೆಮನೆಗೆ ಬರೋಣ. ನನ್ನ ಮಟ್ಟಿಗೆ ಈ ವಿಷಯದ ತಿರುಳು ಇರುವುದೇ ಇಲ್ಲಿ.

ಚಿತ್ರದುರ್ಗದ ಕೋಟೆಗೆ ಬಂದವರು ಓಬವ್ವನ ಕಿಂಡಿ ನೋಡದೆ ಹೋಗುವುದಿಲ್ಲ. ಅದೇ ಕೋಟೆಯೊಳಗೆ ಮದ್ದು ಬೀಸುವ ಭಾರಿ ಕಲ್ಲುಗಳಿವೆ. ಎಣ್ಣೆ ತುಂಬಿಡುವ ಕೊಳಗಳೂ ಇವೆ, ದವಸದ ಕಣಜಗಳೂ ಇವೆ. ಬಂಡೆಗಳ ನಡುವೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ಸೇರಿ, ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ ಹರಿದು, ಕೊನೆಗೆ ಕೆಳಗಿನ ಊರಿನ ಹೊಂಡಗಳಿಗೆ ಇಳಿಯುತ್ತದೆ. ಮುತ್ತಿಗೆ ಹಾಕಿದ ಶತ್ರು ಗೋಡೆ ಒಡೆಯುವುದಕ್ಕಿಂತ ಹೆಚ್ಚಾಗಿ ಒಳಗಿನವರ ನೀರು, ಕಾಳು, ಎಣ್ಣೆ ಮುಗಿಯುವುದನ್ನೇ ಕಾಯುತ್ತಾನೆ ಎಂಬುದು ಪಾಳೆಯಗಾರರಿಗೆ ತಿಳಿದಿತ್ತು. ಫಿರಂಗಿಯ ಮದ್ದಿಗೂ ದೀಪದ ಎಣ್ಣೆಗೂ ಒಂದೇ ಬಂಡೆಯಲ್ಲಿ ಜಾಗ ಕೊರೆದರು.

ದೇಶ ಎಂಬ ದೊಡ್ಡ ಕೋಟೆಗೂ ಇದೇ ಲೆಕ್ಕ. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧ ನಡೆದಾಗ ನಾವು ಅಮೆರಿಕದ ಗೋಧಿಯನ್ನು ನಂಬಿಕೊಂಡಿದ್ದೆವು. ಅಮೆರಿಕ ಹಡಗುಗಳನ್ನು ಬೇಕಂತಲೇ ನಿಧಾನಗೊಳಿಸಿ ಭಾರತದ ಕೈ ತಿರುಚಿತು. ‘ಜೈ ಜವಾನ್, ಜೈ ಕಿಸಾನ್’ ಎಂಬ ಶಾಸ್ತ್ರಿಯವರ ಕರೆ ಹುಟ್ಟಿದ್ದು ಆ ಸಂಕಟದಲ್ಲಿ. ಸೈನಿಕನನ್ನೂ ರೈತನನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಅಲಂಕಾರಕ್ಕಲ್ಲ. ಆಮೇಲೆ ಹಸಿರು ಕ್ರಾಂತಿ ಬಂತು, ಆಹಾರ ನಿಗಮದ ಗೋದಾಮುಗಳು ತುಂಬಿದವು. ಭದ್ರಾ ನಾಲೆಯ ನೀರಿನಲ್ಲಿ ದಾವಣಗೆರೆ, ಹರಿಹರ ಸೀಮೆಯ ಗದ್ದೆಗಳು ಬೆಳೆದ ಭತ್ತವೂ ಆ ಬದಲಾವಣೆಯ ಭಾಗ. ಅಕ್ಕಿ, ಗೋಧಿಯಲ್ಲಿ ಇಂದು ಯಾರೂ ನಮ್ಮ ಕೈ ತಿರುಚಲಾರರು.

ಎಣ್ಣೆಯಲ್ಲಿ ತಿರುಚಬಹುದು. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ತಾಳೆ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾಗಳಿಂದ. ಸೂರ್ಯಕಾಂತಿ ಎಣ್ಣೆ ಮುಖ್ಯವಾಗಿ ರಷ್ಯಾ, ಉಕ್ರೇನ್ ಕಡೆಯಿಂದ. ಸೋಯಾ ಎಣ್ಣೆ ದಕ್ಷಿಣ ಅಮೆರಿಕದಿಂದ. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಕೂಡಲೇ ಕಪ್ಪು ಸಮುದ್ರದ ಹಡಗುಗಳು ನಿಂತವು. ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ತನ್ನ ದೇಶದಲ್ಲೇ ಬೆಲೆ ಏರಿತೆಂದು ತಾಳೆ ಎಣ್ಣೆಯ ರಫ್ತನ್ನೇ ನಿಲ್ಲಿಸಿತು. ಸುಮಾರು ಮೂರು ವಾರ ಆ ನಿಷೇಧ ಇತ್ತು. ದಾವಣಗೆರೆಯ ಖಾರ ಮಂಡಕ್ಕಿ ಅಂಗಡಿಯಲ್ಲಿ ಮೆಣಸಿನಕಾಯಿ ಬಜ್ಜಿಯ ಬೆಲೆ ಏಕೆ ಏರಿತು ಎಂಬುದಕ್ಕೆ ಆ ದಿನಗಳಲ್ಲಿ ಉತ್ತರ ಇದ್ದದ್ದು ಜಕಾರ್ತಾದಲ್ಲಿ. ನಾವೂ ಈ ಅಸ್ತ್ರವನ್ನು ಬಳಸಿದ್ದೇವೆ. ಮಲೇಷ್ಯಾದ ಪ್ರಧಾನಿ ಕಾಶ್ಮೀರದ ಬಗ್ಗೆ ಆಡಿದ ಮಾತು ಭಾರತವನ್ನು ಕೆರಳಿಸಿದ್ದ ಹೊತ್ತಿನಲ್ಲೇ, 2020ರ ಜನವರಿಯಲ್ಲಿ, ಸಂಸ್ಕರಿಸಿದ ತಾಳೆ ಎಣ್ಣೆಯ ಆಮದಿಗೆ ಕೇಂದ್ರ ಸರ್ಕಾರ ನಿರ್ಬಂಧ ಹಾಕಿತು. ಎಣ್ಣೆಯ ಡಬ್ಬಿಯೂ ವಿದೇಶಾಂಗ ನೀತಿಯ ಉಪಕರಣವಾಗುತ್ತದೆ ಎಂಬುದು ಹೀಗೆ.

ಇದನ್ನೆಲ್ಲ ಚಳ್ಳಕೆರೆಯಲ್ಲಿ ನಿಂತು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಏಕೆಂದರೆ ಈ ಊರನ್ನು ಜನ ಎಣ್ಣೆ ನಗರ ಎಂದೇ ಕರೆಯುತ್ತಿದ್ದರು. ಸುತ್ತಲಿನ ಕೆಂಪು ನೆಲದ ಶೇಂಗಾ ಗಾಡಿಗಟ್ಟಲೆ ಇಲ್ಲಿಗೆ ಬರುತ್ತಿತ್ತು. ಮಾರುಕಟ್ಟೆಯ ಅಂಗಳದಲ್ಲಿ ಕಾಯಿಯ ರಾಶಿ, ಚೀಲ ಹೊರುವ ಹಮಾಲರು, ಹಿಡಿ ಕಾಯಿ ಎತ್ತಿ ಕಿವಿಯ ಬಳಿ ಅಲುಗಾಡಿಸಿ ಒಳಗಿನ ಬೀಜ ಎಷ್ಟು ಒಣಗಿದೆ ಎಂದು ಅಳೆಯುವ ವ್ಯಾಪಾರಿ, ಮಿಲ್ಲಿನಲ್ಲಿ ಸಿಪ್ಪೆ ಸುಲಿದ ಬೀಜ ಹಬೆಗೆ ಹದವಾಗಿ ಒತ್ತುವ ಯಂತ್ರಕ್ಕೆ ಬಿದ್ದಾಗ ಊರಿಗೆಲ್ಲ ಹಬ್ಬುವ ವಾಸನೆ. ಎಣ್ಣೆ ಡಬ್ಬಿಗೆ ಹೋದರೆ ಹಿಂಡಿ ಹಸುವಿಗೆ, ಸಿಪ್ಪೆ ಒಲೆಗೆ. ಶೇಂಗಾದ ಒಣಬಳ್ಳಿ ಹೊಲದಿಂದಲೇ ಎತ್ತಿನ ಮೇವಾಗಿ ಮನೆ ಸೇರುತ್ತಿತ್ತು. ಒಂದು ಬೆಳೆ ಇಡೀ ತಾಲ್ಲೂಕನ್ನು ಸಾಕುತ್ತಿತ್ತು.

1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳುಗಳಿಗಾಗಿ ವಿಶೇಷ ಅಭಿಯಾನ ಆರಂಭಿಸಿತು. ಬೀಜ, ಬೆಲೆ, ಆಮದಿನ ಮೇಲೆ ಹತೋಟಿ ಎಲ್ಲ ಸೇರಿ ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ದೇಶ ಅಡುಗೆ ಎಣ್ಣೆಯಲ್ಲಿ ಬಹುಪಾಲು ಸ್ವಾವಲಂಬಿಯಾಗಿತ್ತು. 1994ರಲ್ಲಿ ಪಾಮೋಲಿನ್ ಎಂಬ ತಾಳೆ ಎಣ್ಣೆಯ ಆಮದನ್ನು ಮುಕ್ತಗೊಳಿಸಲಾಯಿತು, ಮುಂದೆ ಉಳಿದ ಎಣ್ಣೆಗಳಿಗೂ ಬಾಗಿಲು ತೆರೆಯಿತು. ಅಗ್ಗದ ಎಣ್ಣೆಯಿಂದ ಬಡವರ ಮನೆಗೆ ಅನುಕೂಲವಾಯಿತು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಶೇಂಗಾ ಎಣ್ಣೆ ಆ ಬೆಲೆಯ ಎದುರು ನಿಲ್ಲಲಿಲ್ಲ. ಮೇಲಿಂದ ಮೇಲೆ ಬರಗಾಲವೂ ಸೇರಿ ಚಳ್ಳಕೆರೆಯ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಂದು ಅದನ್ನು ಯಾರೂ ಭದ್ರತೆಯ ವಿಷಯ ಎಂದು ಎಣಿಸಲಿಲ್ಲ. ಮೂವತ್ತು ವರ್ಷಗಳ ನಂತರ, 2024ರ ಅಕ್ಟೋಬರ್‌ನಲ್ಲಿ, ಎಣ್ಣೆಕಾಳುಗಳ ಉತ್ಪಾದನೆ ಹೆಚ್ಚಿಸಲು 10,103 ಕೋಟಿ ರೂಪಾಯಿಗಳ ಹೊಸ ಅಭಿಯಾನಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು.

ಕಚ್ಚಾ ತೈಲದ ವಿಷಯದಲ್ಲಿ ಸರ್ಕಾರ ಬೇರೆ ರೀತಿ ಯೋಚಿಸುತ್ತದೆ. ನಮ್ಮದೇ ರಾಜ್ಯದ ಮಂಗಳೂರು ಮತ್ತು ಪಾದೂರಿನಲ್ಲಿ ಬಂಡೆ ಕೊರೆದು ಒಟ್ಟು 40 ಲಕ್ಷ ಟನ್ ತೈಲ ಹಿಡಿಯುವ ನೆಲಮಾಳಿಗೆಗಳನ್ನು ಮಾಡಲಾಗಿದೆ. ಹಡಗು ನಿಂತರೂ ಕೆಲವು ದಿನ ದೇಶ ನಡೆಯಬೇಕೆಂಬುದು ಉದ್ದೇಶ. ಅಕ್ಕಿಗೆ ಗೋದಾಮು, ಕಚ್ಚಾ ತೈಲಕ್ಕೆ ನೆಲಮಾಳಿಗೆ ಇದ್ದಹಾಗೆ ಅಡುಗೆ ಎಣ್ಣೆಗೆ ಏನೂ ಇಲ್ಲ. ಅದಕ್ಕೆ ಇರುವ ಕಣಜ ರೈತನ ಹೊಲ ಒಂದೇ. ಶೇಂಗಾಕ್ಕೆ ಬೆಂಬಲ ಬೆಲೆ ಘೋಷಿಸಿ ಖರೀದಿ ಕೇಂದ್ರವನ್ನು ತಡವಾಗಿ ತೆರೆದರೆ, ಸಾಲದ ಒತ್ತಡಕ್ಕೆ ರೈತ ಅಷ್ಟರೊಳಗೆ ಕಾಯಿ ಮಾರಿ ಮುಗಿಸಿರುತ್ತಾನೆ. ಮುಂದಿನ ವರ್ಷ ಅವನು ಬೇರೆ ಬೆಳೆಗೆ ಹೋಗುತ್ತಾನೆ. ಆ ತೀರ್ಮಾನ ಒಬ್ಬನದಾದರೆ ಅವನ ಸಂಸಾರದ ವಿಷಯ. ಲಕ್ಷಾಂತರ ಜನರದಾದರೆ ಇಂಡೋನೇಷ್ಯಾದ ಮುಂದೆ ದೇಶ ಕೈಯೊಡ್ಡುವ ವಿಷಯ.

ದಾವಣಗೆರೆಯ ಮೆಕ್ಕೆಜೋಳದ್ದೂ ಇದೇ ಕಥೆಯ ಮತ್ತೊಂದು ಮುಖ. ಕಚ್ಚಾ ತೈಲದ ಆಮದು ತಗ್ಗಿಸಲು ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ, ಎಥನಾಲಿಗೆ ಮೆಕ್ಕೆಜೋಳ ಬೇಕು. ಆದರೂ 2025ರ ಸುಗ್ಗಿಯಲ್ಲಿ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಕುಸಿದು ರೈತರು ಬೀದಿಗಿಳಿಯಬೇಕಾಯಿತು. ಗೊಬ್ಬರದ ಮಾತು ಇನ್ನೂ ಕಠಿಣ. ಪೊಟ್ಯಾಷ್ ಹೆಚ್ಚುಕಡಿಮೆ ಪೂರ್ತಿ ಹೊರಗಿನದು, ಡಿಎಪಿ ಮತ್ತು ಅದರ ಕಚ್ಚಾವಸ್ತುವಿಗೂ ನಾವು ಹೊರಗೇ ನೋಡಬೇಕು. ಚೀನಾ ರಫ್ತು ಬಿಗಿ ಮಾಡಿದರೆ, ಕೆಂಪು ಸಮುದ್ರದಲ್ಲಿ ಹಡಗಿನ ಮೇಲೆ ದಾಳಿಯಾದರೆ, ಮುಂಗಾರಿನಲ್ಲಿ ಸಹಕಾರ ಸಂಘದ ಮುಂದೆ ಚಪ್ಪಲಿ ಸಾಲು ಬೆಳೆಯುತ್ತದೆ. 2008ರ ಜೂನ್‌ನಲ್ಲಿ ನೆರೆಯ ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗೆ ಬಂದ ರೈತರ ಮೇಲೆ ಗೋಲಿಬಾರ್ ಆಗಿ ಜೀವ ಹೋಯಿತು. ಒಂದು ಚೀಲ ಗೊಬ್ಬರದ ಕೊರತೆ ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಈ ಭಾಗದವರಿಗೆ ಯಾರೂ ಪಾಠ ಮಾಡಬೇಕಿಲ್ಲ.

ಇನ್ನು ಮೊಬೈಲ್. ದಾವಣಗೆರೆಯ ಯಾವುದೋ ಬಡಾವಣೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಒಬ್ಬರೇ ಇದ್ದಾರೆ ಎಂದುಕೊಳ್ಳಿ. ವಿಡಿಯೊ ಕರೆ ಬರುತ್ತದೆ. ಪೊಲೀಸ್ ಸಮವಸ್ತ್ರ ತೊಟ್ಟವನೊಬ್ಬ, ಹಿಂದೆ ಕಚೇರಿಯ ಗೋಡೆ, ಮೇಜಿನ ಮೇಲೆ ಧ್ವಜ. ನಿಮ್ಮ ಆಧಾರ್ ಬಳಸಿ ತೆಗೆದ ಖಾತೆಯಿಂದ ಉಗ್ರರಿಗೆ ಹಣ ಹೋಗಿದೆ, ನಿಮ್ಮನ್ನು ‘ಡಿಜಿಟಲ್ ಅರೆಸ್ಟ್’ ಮಾಡಲಾಗಿದೆ, ಕ್ಯಾಮೆರಾ ಮುಂದಿನಿಂದ ಏಳುವಂತಿಲ್ಲ, ಇದು ದೇಶದ ಭದ್ರತೆಯ ವಿಷಯವಾದ್ದರಿಂದ ಮಕ್ಕಳಿಗೂ ಹೇಳುವಂತಿಲ್ಲ ಎನ್ನುತ್ತಾನೆ. ಮರುದಿನ ಅವರು ಬ್ಯಾಂಕಿಗೆ ಬಂದು ಠೇವಣಿ ಮುರಿಸಲು ಚೀಟಿ ಕೊಡುತ್ತಾರೆ. ಕೈ ನಡುಗುತ್ತಿದೆ, ಫೋನ್ ಚಾಲೂ ಇದೆ.

“ಮೇಡಂ, ಇನ್ನೆರಡು ತಿಂಗಳಲ್ಲಿ ಬಡ್ಡಿ ಸಮೇತ ಬರುವ ಹಣ ಇದು. ಈಗೇಕೆ ತೆಗೆಯುತ್ತಿದ್ದೀರಿ?”

“ಮನೆ ರಿಪೇರಿಗೆ ಬೇಕಪ್ಪ.”

“ಯಾರ ಖಾತೆಗೆ ಕಳಿಸಬೇಕು ಮೇಡಂ? ಇದು ಹೊರರಾಜ್ಯದ ಖಾತೆ ಇದೆಯಲ್ಲ. ಒಂದು ನಿಮಿಷ ಒಳಗೆ ಬನ್ನಿ, ಫೋನ್ ನನ್ನ ಕೈಗೆ ಕೊಡಿ.”

ಆ ಗುಮಾಸ್ತ ಕೇಳಿದ ಎರಡು ಪ್ರಶ್ನೆಗಳ ಬೆಲೆ ಎಷ್ಟೆಂದು ಲೆಕ್ಕ ಹಾಕಲಾಗುವುದಿಲ್ಲ. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಯಾವ ಪೊಲೀಸರೂ ವಿಡಿಯೊ ಕರೆಯಲ್ಲಿ ಬಂಧಿಸುವುದಿಲ್ಲ, ಬಿಡುಗಡೆಗೆ ಹಣ ಕೇಳುವುದಿಲ್ಲ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮೊದಲ ಗಂಟೆಗಳಲ್ಲಿ ತಿಳಿಸಿದರೆ ಹಣ ದಾಟುವ ದಾರಿಯ ಖಾತೆಗಳಲ್ಲೇ ಅದನ್ನು ತಡೆಹಿಡಿಯುವ ವ್ಯವಸ್ಥೆ ಇದೆ.

ಆ ದಾರಿಯ ಖಾತೆಗಳು ಯಾರವು ಎಂಬುದನ್ನು ಗಮನಿಸಬೇಕು. ಮೋಸದ ಹಣ ನೇರವಾಗಿ ಕಳ್ಳನಿಗೆ ಹೋಗುವುದಿಲ್ಲ. ಹತ್ತಾರು ಬಾಡಿಗೆ ಖಾತೆಗಳಲ್ಲಿ ಒಡೆದು, ಹರಿದು, ಕ್ರಿಪ್ಟೊ ರೂಪದಲ್ಲಿ ದೇಶ ದಾಟುತ್ತದೆ. ಕೆಲಸವಿಲ್ಲದ ಹುಡುಗನಿಗೆ ಪರಿಚಯದವನೊಬ್ಬ ಬಂದು, “ನಿನ್ನ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಒಂದು ತಿಂಗಳು ಕೊಡು, ಖರ್ಚಿಗೆ ದುಡ್ಡು ಕೊಡುತ್ತೇನೆ” ಎನ್ನುತ್ತಾನೆ. ಹುಡುಗ ಯಾರಿಗೂ ಮೋಸ ಮಾಡಿಲ್ಲ ಎಂದೇ ನಂಬಿರುತ್ತಾನೆ. ಪೊಲೀಸರು ಮೊದಲು ಬಾಗಿಲು ತಟ್ಟುವುದು ಅವನದೇ. 2023ರ ದೂರಸಂಪರ್ಕ ಕಾಯ್ದೆಯಡಿ ಮೋಸದಿಂದ ಸಿಮ್ ಪಡೆದವರಿಗೆ ಮೂರು ವರ್ಷದವರೆಗೆ ಜೈಲು ಅಥವಾ 50 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ಸಂಚಾರ ಸಾಥಿ ಜಾಲತಾಣದಲ್ಲಿ ನೋಡಿ, ನಮ್ಮದಲ್ಲದ್ದನ್ನು ರದ್ದು ಮಾಡಿಸಬಹುದು. ಈ ಜಾಲದ ಇನ್ನೊಂದು ತುದಿಯಲ್ಲೂ ನಮ್ಮ ಹುಡುಗರೇ ಇದ್ದಾರೆ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಎಂದು ನಂಬಿಸಿ ಮ್ಯಾನ್ಮಾರ್ ಗಡಿಯ ವಂಚನೆ ಕೇಂದ್ರಗಳಿಗೆ ಸಾಗಿಸಿ, ಹೊಡೆದು, ಇದೇ ಕರೆಗಳನ್ನು ಮಾಡಿಸುತ್ತಾರೆ. 2025ರ ಮಾರ್ಚ್‌ನಲ್ಲಿ ಅಲ್ಲಿಂದ ಪಾರಾದ 549 ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲೇ ಕರೆತರಬೇಕಾಯಿತು.

ವದಂತಿಯದ್ದು ಇದಕ್ಕಿಂತ ಹಳೆಯ ರೋಗ. 2012ರ ಆಗಸ್ಟ್‌ನಲ್ಲಿ ಕೆಲವು ಸಂದೇಶಗಳ ಭಯಕ್ಕೆ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. ಸರ್ಕಾರ ದಿನಕ್ಕೆ ಐದೇ ಎಸ್‌ಎಂಎಸ್ ಎಂದು ಮಿತಿ ಹಾಕಬೇಕಾಯಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ಸುಳ್ಳು ಸಂದೇಶ ನಂಬಿದ ಗುಂಪು ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಕೊಂದಿತು. ಎರಡು ಸಂದರ್ಭದಲ್ಲೂ ಗಡಿ ದಾಟಿ ಯಾರೂ ಬಂದಿರಲಿಲ್ಲ. ಸಂದೇಶ ಮುಂದಕ್ಕೆ ಕಳಿಸಿದ ಬೆರಳುಗಳು ನಮ್ಮವೇ.

ಆ ನಿವೃತ್ತ ಶಿಕ್ಷಕಿ ಹೆದರಿದ್ದೇಕೆ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಓದಿದವರು, ನೂರಾರು ಮಕ್ಕಳಿಗೆ ಪ್ರಶ್ನೆ ಕೇಳಲು ಕಲಿಸಿದವರು. ಆದರೆ ‘ದೇಶದ ಭದ್ರತೆ’ ಎಂಬ ಮಾತು ಬಂದ ಕೂಡಲೇ ಬಾಯಿ ಮುಚ್ಚಬೇಕು, ಕಾರಣ ಕೇಳಬಾರದು ಎಂಬ ಅಭ್ಯಾಸ ನಮ್ಮೆಲ್ಲರಲ್ಲಿ ಬೇರೂರಿದೆ. ವಂಚಕ ದುಡಿಸಿಕೊಳ್ಳುವುದು ಆ ಅಭ್ಯಾಸವನ್ನೇ. ಕಾವಲಿನ ಸುತ್ತ ಗೋಡೆ ಎದ್ದಾಗ ಹಳ್ಳಿಯವರನ್ನು ಹಿಂದಕ್ಕೆ ಕಳಿಸಿದ್ದೂ ಇದೇ ಮಾತು. ಪ್ರಶ್ನೆ ಕೇಳುವುದು ದ್ರೋಹ ಎಂದು ನಂಬಿದ ಊರಿನಲ್ಲಿ ನಿಜವಾದ ಅಧಿಕಾರಿಗೂ ವೇಷಧಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಕಾನೂನು ಈ ವ್ಯತ್ಯಾಸವನ್ನು ಸ್ಪಷ್ಟವಾಗಿಯೇ ಬರೆದಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಎಂಟನೆಯ ಸೆಕ್ಷನ್ ದೇಶದ ಭದ್ರತೆಗೆ ಧಕ್ಕೆ ತರುವ ಮಾಹಿತಿಗೆ ವಿನಾಯಿತಿ ಕೊಡುತ್ತದೆ. 24ನೆಯ ಸೆಕ್ಷನ್ ಡಿಆರ್‌ಡಿಒದಂಥ ಸಂಸ್ಥೆಗಳನ್ನು ಕಾಯ್ದೆಯ ಹೊರಗಿಡುತ್ತದೆ, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ದೂರುಗಳನ್ನು ಬಿಟ್ಟು. ಹಾಗಾಗಿ ವಿಮಾನ ಎಷ್ಟು ಎತ್ತರಕ್ಕೆ ಹಾರುತ್ತದೆ, ಯಾವ ಕ್ಯಾಮೆರಾ ಹೊತ್ತಿದೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಬರಲೂಬಾರದು. ಆದರೆ ಯಾವ ಸರ್ವೆ ನಂಬರಿನ ಎಷ್ಟು ಎಕರೆ ಯಾರಿಗೆ, ಯಾವ ಷರತ್ತಿನ ಮೇಲೆ ಮಂಜೂರಾಯಿತು, ಬದಲಿ ಗೋಮಾಳ ಗುರುತಿಸಲಾಗಿದೆಯೇ, ಶೇಂಗಾ ಖರೀದಿ ಕೇಂದ್ರ ಯಾವ ತಾರೀಖು ತೆರೆಯಿತು, ತಾಲ್ಲೂಕಿಗೆ ಎಷ್ಟು ಟನ್ ಡಿಎಪಿ ಬಂದು ಯಾವ ಸಂಘಕ್ಕೆ ಎಷ್ಟು ಹೋಯಿತು ಎಂಬ ಕಡತಗಳು ಇರುವುದು ಕಂದಾಯ, ಕೃಷಿ, ಸಹಕಾರ ಇಲಾಖೆಗಳ ಕಪಾಟಿನಲ್ಲಿ. ಅವುಗಳಿಗೆ ಆ ವಿನಾಯಿತಿ ಇಲ್ಲ. ಒಂದು ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ, ಒಂದು ಅರ್ಜಿಗೆ ಒಂದೇ ವಿಷಯವಿರುವಂತೆ ಬರೆದು ತಾಲ್ಲೂಕು ಕಚೇರಿಯ ಮಾಹಿತಿ ಅಧಿಕಾರಿಗೆ ಕೊಡಬಹುದು. ಶುಲ್ಕ ಹತ್ತು ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಉತ್ತರ ಕೊಡಲು ಅವರಿಗಿರುವ ಗಡುವು 30 ದಿನ. ಬಾರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ ರಾಜ್ಯ ಮಾಹಿತಿ ಆಯೋಗ.